ಹೊಸ ಪ್ಲೇಯರ್ಸ್ ಹ್ಯಾಂಡ್‌ಬುಕ್ ಎಲ್ಲರೂ ಕೊಳ್ಳಬೇಕಾ?

ಎಲ್ಲರಿಗೂ ನಮಸ್ಕಾರ. ನಾವು ಒಂದೊಂದು ಪಾತ್ರವಾಗಿ, ಡೈಸ್ ಉರುಳಿಸಿ ಕಥೆ ಕಟ್ಟುತ್ತಾ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ 2024ರ ನಿಯಮ ಪುಸ್ತಕ ತೆಗೆದುಕೊಳ್ಳೋಣವಾ ಬೇಡವಾ ಅಂತ ಕೇಳುತ್ತಿದ್ದೀರಿ. ಬೆಂಗಳೂರಿನ ಗೆಳೆಯರೊಬ್ಬರ ಪ್ರತಿ ತಂದು ಪೂರ್ತಿ ಓದಿದೆ.

ಇದು ಬೇರೆ ಆಟವಲ್ಲ. 2014ರ ಐದನೇ ಆವೃತ್ತಿಯನ್ನೇ ತಿದ್ದಿದ್ದಾರೆ. ನಮ್ಮ ಹಳೇ ಸಾಹಸಗಳನ್ನು ಇದರಲ್ಲೂ ಆಡಬಹುದು. ನನಗೆ ತುಂಬಾ ಹಿಡಿಸಿದ್ದು ಆಯುಧಗಳ ಹೊಸ ನಿಯಮ. ಇಷ್ಟು ದಿನ ಫೈಟರ್ (ಯೋಧ) ಪಾತ್ರ ಆಡುವವರು ಸುಮ್ನೆ ಡೈಸ್ ಉರುಳಿಸಿ ಹೊಡೆಯುತ್ತಿದ್ದರು, ಅಲ್ವಾ? ಈಗ ಒಂದೊಂದು ಆಯುಧಕ್ಕೂ ಒಂದು ವಿಶೇಷ ವರಸೆ ಇದೆ. ವಾರ್‌ಹ್ಯಾಮರ್ ಅಂದರೆ ಯುದ್ಧದ ಸುತ್ತಿಗೆ, ಅದರ ಏಟು ಬಿದ್ದರೆ ಎದುರಾಳಿಯನ್ನು 10 ಅಡಿ ಹಿಂದಕ್ಕೆ ತಳ್ಳಬಹುದು. ಕ್ವಾರ್ಟರ್‌ಸ್ಟಾಫ್ ಅಂದರೆ ನಮ್ಮ ದೊಣ್ಣೆ, ಅದರಿಂದ ನೆಲಕ್ಕೆ ಕೆಡವಬಹುದು. ಕಾದಾಟಕ್ಕೆ ಜೀವ ಬಂದಿದೆ. ಪಾತ್ರದ ಶಕ್ತಿ ಹೆಚ್ಚುವುದೂ ಈಗ ಕುಲದಿಂದಲ್ಲ (ಎಲ್ಫ್, ಡ್ವಾರ್ಫ್ ತರಹದ್ದು), ಅದರ ಹಿನ್ನೆಲೆಯಿಂದ, ಅಂದರೆ ಮೊದಲು ಏನಾಗಿತ್ತು ಅನ್ನುವುದರಿಂದ. ಅದು ನ್ಯಾಯವಾಗಿದೆ ಅನ್ನಿಸಿತು.

ಆದರೂ ಎಲ್ಲರೂ ಕೊಳ್ಳುವುದು ಬೇಡ. ಪುಸ್ತಕದ ಬೆಲೆ ಜಾಸ್ತಿ. ಪಿಯುಸಿ ಓದುವವರು ದಯವಿಟ್ಟು ಮನೆಯಲ್ಲಿ ದುಡ್ಡು ಕೇಳಬೇಡಿ. ಮುಖ್ಯ ನಿಯಮಗಳು ಎಸ್‌ಆರ್‌ಡಿ 5.2 ಹೆಸರಿನ ಕಡತದಲ್ಲಿ 2025ರಿಂದ ಪುಕ್ಕಟೆ ಸಿಗುತ್ತಿವೆ. ಅದರಲ್ಲಿ ಫೈಟರ್ ತರಹದ ಪ್ರತಿ ಕ್ಲಾಸ್‌ಗೆ (ಪಾತ್ರದ ಬಗೆ) ಒಂದೇ ಸಬ್‌ಕ್ಲಾಸ್ (ಅದರ ಒಳಬಗೆ) ಇದೆ, ಶುರು ಮಾಡಲು ಅಷ್ಟು ಸಾಕು.

ಸಂಬಳ ಬರುವ ನಾವು ನಾಲ್ಕು ಜನ ಸೇರಿ ಒಂದು ಪ್ರತಿ ತರಿಸೋಣ. ಅದು ನಾವು ಸೇರುವ ಎಸ್.ಎಸ್. ಪುರಂ ಮನೆಯಲ್ಲಿ, ಆಡುವ ಮೇಜಿನ ಮೇಲೇ ಇರಲಿ. ಈಗಿನ ಕಥೆ ಮುಗಿಯುವವರೆಗೆ ಹಳೇ ನಿಯಮವೇ ಇರಲಿ, ನಡುವೆ ಬದಲಿಸಿದರೆ ಹೊಸಬರಿಗೆ ಗೊಂದಲವಾಗುತ್ತದೆ.

ಒಪ್ಪಿಗೆ ಇದ್ದರೂ ಇಲ್ಲದಿದ್ದರೂ ಶನಿವಾರ ರಾತ್ರಿಯೊಳಗೆ ಇಲ್ಲೇ ಬರೆಯಿರಿ.