ಸೈಕಲ್ ಅಗ್ಗವಾಯಿತು ಸರಿ, ಟೈರ್ ನೋಡಿ ಕೊಳ್ಳಿ

ಸಂಪಾದಕರಿಗೆ ನಮಸ್ಕಾರ.

ಸೈಕಲ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿಯಿತು. ಅದಾದ ಮೇಲೆ ನಮ್ಮ ಮಂಡ್ಯದಲ್ಲೂ ಸೈಕಲ್ ತೆಗೆದುಕೊಳ್ಳೋಣ ಅನ್ನುವ ಮಾತು ಜಾಸ್ತಿಯಾಗಿದೆ. ಒಳ್ಳೆಯದೇ. ಆದರೆ ಸೈಕಲ್ ತಂದ ಮೇಲೆ ಮತ್ತೆ ಮತ್ತೆ ಕೈ ಕಚ್ಚುವುದು ಟೈರು, ಟ್ಯೂಬು. ಅವುಗಳ ತೆರಿಗೆ ಮೊದಲಿನಿಂದಲೂ ಶೇ 5 ಇತ್ತು, ಈಗಲೂ ಅಷ್ಟೇ. ಅಲ್ಲಿ ದುಡ್ಡು ಉಳಿಯಬೇಕಾದರೆ ನಾವೇ ನೋಡಿ ಆರಿಸಬೇಕು. ಸೈಕಲ್ ತುಳಿದರೆ ಆರೋಗ್ಯ, ಪರಿಸರ ಅಂತೆಲ್ಲ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ, ಟೈರಿನ ವಿಷಯ ಮಾತ್ರ ಯಾರೂ ಎತ್ತುವುದಿಲ್ಲ. ಅದಕ್ಕೇ ಈ ಪತ್ರ, ಸ್ವಲ್ಪ ಉದ್ದವಾದರೂ ಹಾಕಿಕೊಳ್ಳಿ.

ನಾನು ಕೆಲಸಕ್ಕೆ ದಿನಾ ಸೈಕಲ್‌ನಲ್ಲೇ ಹೋಗುವವನು. ಒಂದಷ್ಟು ಡಾಂಬರು, ಒಂದಷ್ಟು ಹೆದ್ದಾರಿ ಪಕ್ಕದ ಸರ್ವಿಸ್ ರಸ್ತೆ, ಕೊನೆಗೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಏರಿ ಮೇಲಿನ ಮಣ್ಣು ದಾರಿ. ಈ ಕಡೆ ಸುಮಾರು ಜನರ ದಾರಿ ಹೀಗೇ ಇರುತ್ತದೆ, ಅಲ್ವಾ? ಡೇರಿಗೆ ಹಾಲು ಹಾಕುವವರು, ಪಾಳಿ ಕೆಲಸದವರು, ಸ್ಕೂಲ್ ಮಕ್ಕಳು, ಎಲ್ಲರದೂ ಮುಕ್ಕಾಲು ಪಾಲು ಟಾರ್ ರೋಡು, ಕಾಲು ಪಾಲು ಮಣ್ಣು. ಆದರೆ ಅಂಗಡಿಯಲ್ಲಿ ನೋಡಿದರೆ ಗಿರಾಕಿಯ ಮುಂದೆ ಬರುವುದು ದಪ್ಪ ದಪ್ಪ ಗಂಟು ಎದ್ದಿರುವ ಎಂಟಿಬಿ, ಅಂದರೆ ಮೌಂಟನ್ ಬೈಕ್ ಟೈರು. ನೋಡಲು ಗಟ್ಟಿಮುಟ್ಟಾಗಿದೆ, ಹುಡುಗರಿಗೆ ಇಷ್ಟ, ಹಾಗಾಗಿ ಅದೇ ಹೋಗುತ್ತದೆ.

ಆ ಟೈರು ಬೆಟ್ಟದ ಸಡಿಲ ಮಣ್ಣಿಗೆ, ಕೆಸರಿಗೆ ಅಂತ ಮಾಡಿದ್ದು. ಟಾರ್ ಮೇಲೆ ಅದು ಗುಂಯ್ ಅಂತ ಸದ್ದು ಮಾಡುತ್ತದೆ, ಆ ಸದ್ದೆಲ್ಲ ನಮ್ಮ ಕಾಲಿನ ಶಕ್ತಿಯೇ. ಜೊತೆಗೆ ಬೇಗ ಸವೆಯುತ್ತದೆ, ಯಾಕೆಂದರೆ ನೆಲಕ್ಕೆ ತಾಗುವುದು ಗಂಟಿನ ತಲೆ ಮಾತ್ರ, ಭಾರವೆಲ್ಲ ಅಷ್ಟು ಸಣ್ಣ ಜಾಗದ ಮೇಲೇ ಬೀಳುತ್ತದೆ. ನಂಬಿಕೆ ಬಾರದಿದ್ದರೆ ನಿಮ್ಮ ಮನೆ ಹುಡುಗನ ಸೈಕಲ್ಲಿನ ಹಿಂದಿನ ಟೈರನ್ನು ಒಮ್ಮೆ ಬಗ್ಗಿ ನೋಡಿ. ನಡುವಿನ ಗಂಟುಗಳು ಸವೆದು ಚಪ್ಪಟೆಯಾಗಿರುತ್ತವೆ, ಅಂಚಿನ ಗಂಟುಗಳ ಮೇಲೆ ಮಾತ್ರ ಅಚ್ಚಿನಿಂದ ತೆಗೆದಾಗ ಉಳಿದ ಸಣ್ಣ ರಬ್ಬರ್ ಕೂದಲು ಕೂಡ ಹಾಗೇ ಇರುತ್ತದೆ. ಅಂದರೆ ಆ ಅಂಚು ಒಂದು ದಿನವೂ ಕೆಲಸಕ್ಕೆ ಬಂದಿಲ್ಲ. ಸುಮ್ನೆ ದುಡ್ಡು ಕೊಟ್ಟು ಹೊತ್ತು ತಿರುಗಿದ್ದು.

ನಮ್ಮಂಥವರಿಗೆ ಬೇಕಾದ್ದು ನಡುವೆ ನುಣುಪಾಗಿ ಅಥವಾ ಒತ್ತಾದ ಗೆರೆಗಳಿದ್ದು, ಅಂಚಿನಲ್ಲಿ ಮಾತ್ರ ಸಣ್ಣ ಹಲ್ಲಿರುವ ಟೈರು. ಅಗಲ 38ರಿಂದ 47 ಮಿಲಿಮೀಟರ್ ಇದ್ದರೆ ಸಾಕು. 26 ಇಂಚಿನ ಎಂಟಿಬಿ ಚಕ್ರಕ್ಕೆ 1.5 ಅಥವಾ 1.75 ಇಂಚು, ಟಾರಿಗೂ ಮಣ್ಣಿಗೂ ಆಗುವ ಹೈಬ್ರಿಡ್ ಸೈಕಲ್ಲಿಗೆ 700ಸಿ ಅನ್ನುವ ಚಕ್ರದ ಅಳತೆಯಲ್ಲಿ 38 ಅಥವಾ 40 ಮಿ.ಮೀ., ಅಷ್ಟು ಅಗಲಕ್ಕೆ ಫೋರ್ಕಿನಲ್ಲಿ ಜಾಗ ಇದ್ದರೆ. ಮಳೆಯಲ್ಲಿ ನುಣುಪು ಟೈರು ಜಾರುತ್ತದೆ ಅನ್ನುವ ಭಯ ಬಹಳ ಜನಕ್ಕಿದೆ. ಕಾರಿನ ಟೈರು ಅಗಲ, ವೇಗವೂ ಜಾಸ್ತಿ, ಹಾಗಾಗಿ ಅಡಿಯಲ್ಲಿ ಸಿಕ್ಕಿಕೊಂಡ ನೀರು ಹೊರಗೆ ಹೋಗಲು ಗೆರೆ ಬೇಕು. ಸೈಕಲ್ ಟೈರು ಕಿರಿದು, ದುಂಡಗಿದೆ, ನಮ್ಮ ವೇಗವೂ ಅಷ್ಟಕ್ಕಷ್ಟೇ. ನೀರು ತಾನಾಗಿ ಪಕ್ಕಕ್ಕೆ ಸರಿಯುತ್ತದೆ. ಒದ್ದೆ ಟಾರ್ ಮೇಲೆ ಹಿಡಿತ ಕೊಡುವುದು ರಬ್ಬರು, ಗಂಟಲ್ಲ. ಇನ್ನು ನಾಲೆ ಏರಿಯ ಮಣ್ಣು ಮಳೆಯಲ್ಲಿ ನೆನೆದು ಜೇಡಿಯಾಗಿ ಮಡ್‌ಗಾರ್ಡಿಗೆ ಅಂಟಿಕೊಂಡರೆ ಯಾವ ಟೈರಿದ್ದರೂ ಅಷ್ಟೇ, ಇಳಿದು ತಳ್ಳಬೇಕು.

ಒಂದು ತಮಾಷೆ ಏನೆಂದರೆ, ಅಪ್ಪನ ಕಾಲದ ಆ ಕಪ್ಪು 28 ಇಂಚಿನ ಸೈಕಲ್ಲಿಗೆ ಬರುತ್ತಿದ್ದ ಟೈರು ಇಂಥದ್ದೇ. ಹೆಚ್ಚುಕಡಿಮೆ 40 ಮಿ.ಮೀ. ಅಗಲ, ಮೇಲೆ ಒತ್ತಾದ ಗೆರೆ. ಅದರಲ್ಲೇ ಹುಲ್ಲಿನ ಹೊರೆ ಹೇರಿಕೊಂಡು ಗದ್ದೆ ಬದುವಿನ ಮೇಲೆ ಹೋಗುತ್ತಿದ್ದರು. ಈಗ ಹತ್ತಿರ ಹತ್ತಿರ ಅದೇ ಅಗಲದ ಟೈರಿಗೆ ಗ್ರಾವೆಲ್ (ಜಲ್ಲಿ ದಾರಿಯದು) ಅಂತ ಹೆಸರಿಟ್ಟು ದುಬಾರಿ ಸೈಕಲ್‌ಗಳಲ್ಲಿ ಕೊಡುತ್ತಿದ್ದಾರೆ.

ಈಗ ಅಳತೆ. ಜನ ಮೋಸ ಹೋಗುವುದೇ ಇಲ್ಲಿ. '26 ಇಂಚಿನ ಟೈರ್ ಕೊಡಿ' ಅಂದರೆ ಸಾಲದು. 26 x 1.75 ಅಂತ ಬರೆದಿರುವುದು ಒಂದು, 26 x 1⅜ ಅಂತ ಭಿನ್ನರಾಶಿಯಲ್ಲಿ ಬರೆದಿರುವುದು ಇನ್ನೊಂದು. ಎರಡೂ 26, ಆದರೆ ಒಂದರ ರಿಮ್ಮಿಗೆ ಇನ್ನೊಂದು ಕೂರುವುದಿಲ್ಲ. ಅದಕ್ಕೆ ಟೈರಿನ ಪಕ್ಕದಲ್ಲಿ ಸಣ್ಣದಾಗಿ ಇನ್ನೊಂದು ಅಂಕಿ ಇರುತ್ತದೆ, 47-559, 37-590, 40-622 ಹೀಗೆ. ಮೊದಲನೆಯದು ಟೈರಿನ ಅಗಲ, ಎರಡನೆಯದು ರಿಮ್ಮಿನ ಮೇಲೆ ಟೈರು ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರ್‌ನಲ್ಲಿ. ಎರಡನೆಯ ಅಂಕಿ ಹಳೆಯ ಟೈರಿಗೆ ಸರಿಯಾಗಿ ಹೊಂದಲೇಬೇಕು, ಮೊದಲನೆಯದು ಸ್ವಲ್ಪ ಆಚೀಚೆ ಆದರೆ ನಡೆಯುತ್ತದೆ. ಎಂಟಿಬಿಯ 26 ಅಂದರೆ 559. ಹೈಬ್ರಿಡ್‌ನ 700ಸಿ ಮತ್ತು ಈಗಿನ 29 ಇಂಚು ಎರಡೂ 622. ಹಳೆಯ ಕಪ್ಪು ಸೈಕಲ್ಲಿನ 28 x 1½ ಅಂದರೆ 635. 622ಕ್ಕೂ ಎಷ್ಟೋ ಕಡೆ 28 ಇಂಚು ಅಂತಲೇ ಬರೆದಿರುತ್ತಾರೆ, ಆನ್‌ಲೈನ್‌ನಲ್ಲಿ ತರಿಸಿ ವಾಪಸ್ ಕಳಿಸುವವರು ಬೀಳುವ ಗುಂಡಿ ಇದೇ. ಮನೆಯಿಂದ ಹೊರಡುವ ಮುಂಚೆ ಹಳೆ ಟೈರಿನ ಆ ಅಂಕಿಯ ಫೋಟೊ ತೆಗೆದುಕೊಂಡು ಹೋಗಿ, ಅರ್ಧ ಗಲಾಟೆ ಮುಗಿಯುತ್ತದೆ.

ಬೆಲೆಯ ವಿಷಯ. ಲುಧಿಯಾನದ ರಾಲ್ಸನ್, ಮೆಟ್ರೊ ಮುಂತಾದ ನಮ್ಮ ದೇಶದ ಟೈರುಗಳು ಕೆಲವು ನೂರು ರೂಪಾಯಿಗೆ ಸಿಗುತ್ತವೆ, ದಿನದ ಓಡಾಟಕ್ಕೆ ಧಾರಾಳ. ಶ್ವಾಲ್ಬೆ ಮ್ಯಾರಥಾನ್‌ನಂಥ ಹೊರಗಿನ ಟೈರಿಗೆ ಅದರ ಹಲವು ಪಟ್ಟು ಕೊಡಬೇಕು. ಅದರಲ್ಲಿ ರಬ್ಬರಿನ ಒಳಗೆ 3 ಮಿ.ಮೀ. ದಪ್ಪದ ಪಂಕ್ಚರ್ ತಡೆಯುವ ಪದರ ಇರುತ್ತದೆ, ಬಾಳಿಕೆಯೂ ಚೆನ್ನ, ತೂಕ ಮಾತ್ರ ಜಾಸ್ತಿ. ದಿನಾ ಬಹಳ ದೂರ ತುಳಿಯುವವರಿಗೆ, ಪಂಕ್ಚರ್ ಆಗಿ ತಡವಾದರೆ ಸಂಬಳ ಕಟ್ಟಾಗುವವರಿಗೆ ಅದು ದುಬಾರಿ ಅಲ್ಲ. ಮಿಕ್ಕವರಿಗೆ ಬೇಡ. ಎರಡೂ ಚಕ್ರಕ್ಕೆ ಹಾಕಲು ಆಗದಿದ್ದರೆ ಹಿಂದಕ್ಕೆ ಮಾತ್ರ ಹಾಕಿ, ಭಾರ ಜಾಸ್ತಿ ಬೀಳುವುದು, ಸವೆಯುವುದು, ಪಂಕ್ಚರ್ ಆಗುವುದು ಎಲ್ಲ ಹಿಂದಿನದೇ. ಟಿಪಿಐ, ಅಂದರೆ ಒಂದು ಇಂಚಿಗೆ ಎಷ್ಟು ನೂಲು ಅನ್ನುವ ಲೆಕ್ಕವನ್ನು ಕೆಲವರು ದೊಡ್ಡದಾಗಿ ಹೇಳುತ್ತಾರೆ. 120 ಇದ್ದರೆ ಮೃದುವಾಗಿ ಓಡುತ್ತದೆ ನಿಜ, ಆದರೆ ತೆಳು. ನಮ್ಮ ಕಲ್ಲಿಗೆ, ಮುಳ್ಳಿಗೆ 30, 60ರ ಒರಟು ಟೈರೇ ವಾಸಿ.

ಮುಳ್ಳು ಅಂದೆ. ಏರಿ ಮೇಲೆ ನಮ್ಮ ಶತ್ರು ಜಾಲಿ ಮುಳ್ಳು, ಅದಕ್ಕಿಂತ ಜಾಸ್ತಿ ನೆಗ್ಗಿಲು. ಆ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲೆ ಮುಖ ಮಾಡಿಯೇ ಇರುತ್ತದೆ. ಸರ್ವಿಸ್ ರಸ್ತೆಯಲ್ಲಿ ಬೇರೆಯದೇ ಕಾಟ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್, ಸೈಕಲ್ ಯಾವುದನ್ನೂ ಬಿಡುತ್ತಿಲ್ಲ. ನಾವೆಲ್ಲ ಪಕ್ಕದ ರಸ್ತೆಗೇ. ಅಲ್ಲಿ ಅಂಚಿನ ಧೂಳಿನಲ್ಲಿ ಗಾಜಿನ ಚೂರು, ಮೊಳೆ, ಲಾರಿ ಟೈರು ಸಿಡಿದಾಗ ಉದುರಿದ ಕೂದಲಿನಷ್ಟು ಸಣ್ಣ ಉಕ್ಕಿನ ತಂತಿ. ಆ ತಂತಿ ಕಣ್ಣಿಗೇ ಕಾಣುವುದಿಲ್ಲ. ಪಂಕ್ಚರ್ ಹಾಕಿಸಿಕೊಂಡು ಹೊರಟರೆ ಮಾರನೇ ದಿನ ಮತ್ತೆ ಗಾಳಿ ಇಲ್ಲ, ಬೈಸಿಕೊಳ್ಳುವುದು ಪಾಪ ಪಂಕ್ಚರ್ ಅಂಗಡಿಯವನು. ತಿಳಿದ ಮೆಕ್ಯಾನಿಕ್ ಆದರೆ ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಬಂದ ಜಾಗ ಗುರುತು ಮಾಡಿ, ಅದೇ ನೇರಕ್ಕೆ ಟೈರಿನ ಒಳಗೆ ಬಟ್ಟೆ ಚೂರು ಎಳೆಯುತ್ತಾನೆ. ಬಟ್ಟೆ ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿ ತಂತಿ, ಇಕ್ಕಳದಲ್ಲಿ ಹಿಡಿದು ಕೀಳುತ್ತಾನೆ. ಆಮೇಲೆ ಟ್ಯೂಬು ಉಜ್ಜಿ, ಸೊಲ್ಯೂಷನ್ ಹಚ್ಚಿ, ಅದು ಒಣಗುವ ತನಕ ಕಾದು ಪ್ಯಾಚ್ ಒತ್ತುತ್ತಾನೆ. ಈ ಬಟ್ಟೆ ಎಳೆಯುವ ಕೆಲಸ ಮಾಡದೆ ಪ್ಯಾಚ್ ಹಾಕಿದರೆ ಹಣ ದಂಡ.

ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ಸಣ್ಣ ಸೀಳು ಕಂಡರೆ ಅದು ಮುಳ್ಳಿನದಲ್ಲ. ಗಾಳಿ ಕಡಿಮೆ ಇದ್ದು, ಗುಂಡಿಯ ಅಂಚಿಗೆ ಹೊಡೆದು, ಟೈರಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಕತ್ತರಿಸಿದ್ದು. ಎಷ್ಟು ಗಾಳಿ ಬೇಕು ಅನ್ನುವುದನ್ನು ಟೈರಿನ ಪಕ್ಕದಲ್ಲೇ ಬರೆದಿರುತ್ತಾರೆ. 26 x 1.75ಕ್ಕೆ ಸಾಮಾನ್ಯ ಮೈಕಟ್ಟಿನವರು ಹಿಂದೆ 50 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ), ಮುಂದೆ 45ರ ಆಸುಪಾಸು ಇಟ್ಟುಕೊಂಡರೆ ಟಾರಿಗೂ ಆಯಿತು, ಮಣ್ಣಿಗೂ ಆಯಿತು. ಗೇಜ್ ಇರುವ ಪಂಪು ಒಂದು ಮನೆಯಲ್ಲಿರಲಿ, ಬೀದಿಯವರೆಲ್ಲ ಕೇಳಿಕೊಂಡು ಬರುತ್ತಾರೆ, ಅದೊಂದು ಕಷ್ಟ. ಲಾರಿಗೆ ಗಾಳಿ ಹಿಡಿಯುವ ಕಂಪ್ರೆಸರ್ ಪೈಪನ್ನು ಸೈಕಲ್ಲಿಗೆ ಇಟ್ಟರೆ ಒಂದೇ ಕ್ಷಣದಲ್ಲಿ ಮಿತಿ ಮೀರುತ್ತದೆ, ಹುಷಾರು.

ಹಿಂದಿನ ಟೈರು ಸವೆದಾಗ ಹೊಸದನ್ನು ಹಿಂದಕ್ಕೇ ಹಾಕಿಸುವುದು ಎಲ್ಲರ ರೂಢಿ. ಎರಡೂ ಒಂದೇ ತರದವಾದರೆ ಹಾಗೆ ಮಾಡಬೇಡಿ. ಮುಂದಿನದನ್ನು ಹಿಂದಕ್ಕೆ ಬದಲಾಯಿಸಿ, ಹೊಸದನ್ನು ಮುಂದೆ ಹಾಕಿ. ಮುಂದಿನ ಚಕ್ರ ಜಾರಿದರೆ ಬೀಳುವುದು ಗ್ಯಾರಂಟಿ, ಹಿಂದಿನದು ಜಾರಿದರೆ ಹೇಗೋ ಸಾವರಿಸಿಕೊಳ್ಳಬಹುದು. ರಬ್ಬರಿನ ಕೆಳಗೆ ನೂಲು ಇಣುಕಿದರೆ ಮಾತ್ರ ಮುಲಾಜಿಲ್ಲದೆ ಬಿಸಾಕಿ. ಸೈಕಲ್ಲನ್ನು ದಿನವಿಡೀ ಬಿಸಿಲಲ್ಲಿ, ಅದರಲ್ಲೂ ಗಾಳಿ ಇಳಿದ ಟೈರಿನ ಮೇಲೆ ನಿಲ್ಲಿಸಿದರೆ ಪಕ್ಕದ ರಬ್ಬರು ಬಿರುಕು ಬಿಡುತ್ತದೆ, ಎಷ್ಟೋ ಟೈರು ಓಡಿ ಸವೆಯುವ ಮೊದಲೇ ಹಾಗೆ ನಿಂತಲ್ಲೇ ಹಾಳಾಗುತ್ತವೆ.

ಕೊನೆಗೆ ಎರಡು ಮನವಿ. ಸರ್ವಿಸ್ ರಸ್ತೆ ನೋಡಿಕೊಳ್ಳುವವರು ಅಂಚಿನ ಧೂಳನ್ನು ಆಗಾಗ ಗುಡಿಸಿಸಲಿ, ಮುಖ್ಯ ಪಥದಿಂದ ನಮ್ಮನ್ನು ಹೊರಗಿಟ್ಟ ಮೇಲೆ ಅಷ್ಟಾದರೂ ಮಾಡಬೇಕಲ್ಲ. ಸೈಕಲ್ ಅಂಗಡಿಯವರು ಗಂಟಿನ ಟೈರಿನ ಪಕ್ಕದಲ್ಲಿ ಒಂದೆರಡು ಜೊತೆ 1.5, 1.75ರ ನುಣುಪು ಟೈರು ತರಿಸಿ ಇಟ್ಟಿರಲಿ. ಈಗ ಅದನ್ನು ಕೇಳಿದರೆ 'ಮೈಸೂರಿಗೆ ಹೋಗಿ' ಅನ್ನುತ್ತಾರೆ. ಕೊಳ್ಳುವವರು ಇಲ್ಲೇ ಇದ್ದೇವೆ ಸ್ವಾಮಿ.

– ಒಬ್ಬ ಸೈಕಲ್ ಸವಾರ, ಮಂಡ್ಯ