ಮೇಲಿನ ಎಲೆಯೋ, ಕೆಳಗಿನ ಎಲೆಯೋ?

ಬರ್ಮಿಂಗ್‌ಹ್ಯಾಮ್
ಜುಲೈ, ಭಾನುವಾರ

ಅತ್ತಿಗೆ, ನಮಸ್ಕಾರ.

ನಾವೆಲ್ಲ ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಹೇಗಿದೆ ಅಂತ ಕೇಳಿದರೆ ಅಣ್ಣ ಫೋನಿನಲ್ಲಿ "ಪರವಾಗಿಲ್ಲ" ಅನ್ನುವುದು ಬಿಟ್ಟು ಬೇರೆ ಹೇಳುವುದಿಲ್ಲ. ನೀವೇ ಬರೆಯಿರಿ.

ಇನ್ನು ನೀವು ಕೇಳಿದ ವಿಷಯ. ಊರಿಗೆ ಬರುವವರ ಕೈಯಲ್ಲಿ ಗಿಡಕ್ಕೆ ಹಾಕುವ ದ್ರವಗೊಬ್ಬರದ ಬಾಟಲಿ ಕಳಿಸು ಅಂದಿದ್ದಿರಿ. ಕಳಿಸುವುದಿಲ್ಲ ಅತ್ತಿಗೆ. ಬೇಜಾರು ಮಾಡಿಕೊಳ್ಳಬೇಡಿ, ಪೂರ್ತಿ ಓದಿ, ಆಮೇಲೆ ಬೈಯಿರಿ.

ಎಲೆ ಹಳದಿಯಾದ ನಿಮ್ಮ ದಾಸವಾಳದ ಫೋಟೋವನ್ನು ನಮ್ಮ ಅಲಾಟ್‌ಮೆಂಟಿನವರಿಗೆ ತೋರಿಸಿದೆ. ಅಲಾಟ್‌ಮೆಂಟ್ ಅಂದರೆ ನಗರಸಭೆಯವರು ವರ್ಷಕ್ಕಿಷ್ಟು ಅಂತ ಬಾಡಿಗೆ ತಗೊಂಡು ತರಕಾರಿ ಬೆಳೆಯಲು ಕೊಡುವ ತುಂಡು ನೆಲ. 1908ರಲ್ಲೇ ಇದಕ್ಕೊಂದು ಕಾನೂನು ಆಗಿದೆ. ಪೂರ್ತಿ ಪ್ಲಾಟು ಅಂದರೆ ಸುಮಾರು 250 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಎರಡೂವರೆ ಗುಂಟೆ. ನಮ್ಮದು ಅದರಲ್ಲಿ ಅರ್ಧ. ಭಾನುವಾರ ಅಲ್ಲಿ ಕೆಲಸಕ್ಕಿಂತ ಮಾತೇ ಜಾಸ್ತಿ. ಒಬ್ಬರು ಒಂದೆಲೆ ಕಿತ್ತುಕೊಂಡು ಬರುತ್ತಾರೆ, ಉಳಿದವರು ಸುತ್ತ ನಿಂತು ಅದನ್ನು ತಿರುಗಿಸಿ ಮುರುಗಿಸಿ ನೋಡುತ್ತಾರೆ. ನಿಮ್ಮ ದಾಸವಾಳಕ್ಕೂ ಅದೇ ಆಯಿತು. "ಏನು ಗೊಬ್ಬರ ಹಾಕಲಿ" ಅಂತ ನಾನು ಕೇಳಿದ್ದಕ್ಕೆ ಪಕ್ಕದ ಪ್ಲಾಟಿನ ಜಮೈಕಾ ಮೂಲದ ಅಜ್ಜ ಉತ್ತರವನ್ನೇ ಕೊಡಲಿಲ್ಲ. "ಹಳದಿ ಆಗಿರುವುದು ಮೇಲಿನ ಎಲೆಯೋ ಕೆಳಗಿನ ಎಲೆಯೋ?" ಅಂತ ತಿರುಗಿ ನನ್ನನ್ನೇ ಕೇಳಿದರು.

ಇಡೀ ವಿಷಯ ಇಷ್ಟೇ ಅತ್ತಿಗೆ. ಸಾರಜನಕ ಕಡಿಮೆ ಬಿದ್ದರೆ ಗಿಡ ಹಳೆ ಎಲೆಯಿಂದ ಅದನ್ನು ಎಳೆದು ಚಿಗುರಿಗೆ ಕೊಡುತ್ತದೆ, ಅದಕ್ಕೇ ಕೆಳಗಿನ ಎಲೆ ಪೂರ್ತಿ ಹಳದಿಯಾಗುತ್ತದೆ. ಮೆಗ್ನೀಸಿಯಂ ಕೊರತೆಯೂ ಕೆಳಗಿನ ಎಲೆಯಲ್ಲೇ ಮೊದಲು ಕಾಣುವುದು, ಆದರೆ ಅಲ್ಲಿ ನರ ಹಸಿರಾಗಿಯೇ ಇದ್ದು ನಡುವಿನ ಜಾಗ ಮಾತ್ರ ಹಳದಿ. ಕಬ್ಬಿಣವನ್ನು ಗಿಡ ಹಾಗೆ ಎಲೆಯಿಂದ ಎಲೆಗೆ ಸಾಗಿಸಲಾರದು. ಹಾಗಾಗಿ ಕಬ್ಬಿಣ ಸಿಗದಿದ್ದರೆ ತುದಿಯ ಎಳೆ ಎಲೆಯೇ ಬಿಳಿಚಿಕೊಳ್ಳುತ್ತದೆ, ಸಣ್ಣ ನರವೂ ಹಸಿರು ಗೆರೆ ಎಳೆದಂತೆ ಎದ್ದು ಕಾಣುತ್ತದೆ. ನಿಮ್ಮ ಫೋಟೋದಲ್ಲಿ ಇರುವುದು ಇದೇ. ಎಲ್ಲ ಜ್ವರಕ್ಕೂ ಒಂದೇ ಮಾತ್ರೆ ನುಂಗಿಸಿದ ಹಾಗೆ ಎಲ್ಲ ಹಳದಿಗೂ ಯೂರಿಯಾ ಸುರಿಯುತ್ತೇವೆ ನಾವು.

ನಿಮ್ಮ ಕುಂಡದ ಮಣ್ಣಿನಲ್ಲಿ ಕಬ್ಬಿಣ ಇಲ್ಲ ಅಂತಲ್ಲ. ಕೆಂಪು ಮಣ್ಣಿನ ಆ ಕೆಂಪೇ ಕಬ್ಬಿಣದ್ದು. ಗಿಡಕ್ಕೆ ಅದು ದಕ್ಕುತ್ತಿಲ್ಲ, ಅಷ್ಟೆ. ನಮ್ಮ ಬೋರ್‌ವೆಲ್ ನೀರು ಕಾಯಿಸಿದ ಹಂಡೆಯೊಳಗೆ ಬಿಳಿ ಪದರ ಕಟ್ಟುತ್ತದಲ್ಲ, ಆ ಸುಣ್ಣವೇ ದಿನಾ ಕುಂಡಕ್ಕೂ ಬೀಳುತ್ತಿದೆ. ಮಣ್ಣು ಕ್ಷಾರವಾದಷ್ಟೂ ಕಬ್ಬಿಣ ಕರಗದೆ ಕೂತುಬಿಡುತ್ತದೆ. ಇಲ್ಲೂ ಕಮೀಲಿಯಾ, ಅಜೇಲಿಯಾ ಅನ್ನುವ ಹೂಗಿಡ ಬೆಳೆಸುವವರದು ಇದೇ ಗೋಳು. ಲಂಡನ್ನಿನ ಗೆಳತಿ ನಲ್ಲಿ ನೀರು ಹಾಕಿದರೆ ಅವು ಹಳದಿಯಾಗುತ್ತವೆ ಅಂತ ಮಳೆನೀರು ಹಿಡಿದಿಡುತ್ತಾಳೆ, ಅಲ್ಲಿಯ ನೀರು ಗಡಸು. ನಮ್ಮ ನಲ್ಲಿಗೆ ಬರುವುದು ವೇಲ್ಸಿನ ಬೆಟ್ಟದ ಎಲಾನ್ ಕಣಿವೆಯ ಅಣೆಕಟ್ಟಿನ ನೀರು. 1904ರಿಂದ ಹಾಗೇ ಬರುತ್ತಿದೆ, ತೀರಾ ಮೆದು. ಆದ್ದರಿಂದ ಅವಳ ಸಲಹೆ ನನಗೆ ಬೇಕಿಲ್ಲ. ನಿಮಗೆ ಮಾತ್ರ ಹೇಳಿ ಮಾಡಿಸಿದ ಹಾಗಿದೆ! ಮಳೆ ಬಂದಾಗ ತಾರಸಿಯ ನೀರನ್ನು ಒಂದು ಡ್ರಮ್ಮಿಗೆ ತಿರುಗಿಸಿಕೊಳ್ಳಿ. ದಾಸವಾಳಕ್ಕೂ ಗುಲಾಬಿಗೂ ಅದನ್ನೇ ಹಾಕಿ.

ಎರಡನೆಯದು, ಅಮ್ಮನ ಎದುರು ಓದಬೇಡಿ: ಬೂದಿ. ತೆಂಗಿನ ಮಟ್ಟೆ, ಗರಿ, ಚಿಪ್ಪು ಉರಿಸುವ ಮನೆಯಲ್ಲಿ ಬೂದಿಗೇನು ಬರ, ತಿಪಟೂರಿನಲ್ಲಂತೂ. ಬೆಳಿಗ್ಗೆ ಬಚ್ಚಲೊಲೆಯಿಂದ ತೆಗೆದದ್ದೆಲ್ಲ ನೇರ ಕುಂಡಕ್ಕೆ. ಬೂದಿ ಮಣ್ಣನ್ನು ಇನ್ನಷ್ಟು ಕ್ಷಾರ ಮಾಡುತ್ತದೆ. ದಾಸವಾಳಕ್ಕೆ ಅದು ಪೂರ್ತಿ ನಿಲ್ಲಲಿ. ಆದರೆ ಅಮ್ಮ ಕರಿಬೇವಿಗೆ ಹುಳಿಮಜ್ಜಿಗೆ ಹಾಕುವುದನ್ನು ಇಲ್ಲಿ ಹೇಳಿದಾಗ ಯಾರೂ ನಗಲಿಲ್ಲ. ಗಡಸು ನೀರಿನ ಊರಲ್ಲಿ ಒಂದಿಷ್ಟು ಹುಳಿ ಬಿದ್ದರೆ ಒಳ್ಳೆಯದೇ ಅಂದರು. ಇದನ್ನು ಅಮ್ಮನ ಎದುರು ಗಟ್ಟಿಯಾಗಿ ಓದಿ.

ಗೊಬ್ಬರದ ಅಂಗಡಿಯಲ್ಲಿ ಕಬ್ಬಿಣದ ಚೀಲೇಟ್ ಕೇಳಿ, ಅಂದರೆ ಗಿಡಕ್ಕೆ ದಕ್ಕುವ ರೂಪದಲ್ಲಿರುವ ಕಬ್ಬಿಣ. ಪೊಟ್ಟಣದ ಮೇಲೆ ಇಡಿಡಿಎಚ್‌ಎ ಅಂತ ಇದ್ದರೆ ಒಳ್ಳೆಯದು. ಇಡಿಟಿಎ ಅಂತ ಇರುವುದು ಸುಣ್ಣದ ಮಣ್ಣಿನಲ್ಲಿ ಅಷ್ಟು ನಿಲ್ಲುವುದಿಲ್ಲ.

ಈಗ ಆ ಬಾಟಲಿಗೆ ಬರುತ್ತೇನೆ. ಟೊಮೇಟೊಗೆ ಅಂತ ಇಲ್ಲಿ ಮಾರುವ ಒಂದು ದ್ರವಗೊಬ್ಬರದ ಮೇಲೆ 4-3-8 ಅಂತ ಬರೆದಿರುತ್ತದೆ. ಸಾರಜನಕ, ರಂಜಕ, ಪೊಟ್ಯಾಷ್, ಅದೇ ಕ್ರಮದಲ್ಲಿ. ಹೆಚ್ಚಿಗೆ ಇರುವುದು ಪೊಟ್ಯಾಷ್, ಹೂ ಕಾಯಿಗೆ ಬೇಕಾದದ್ದು. ನಮ್ಮ ಬಚ್ಚಲೊಲೆಯ ಬೂದಿಯಲ್ಲಿ ಇರುವುದೂ ಅದೇ! ಟೊಮೇಟೊ ಬುಡಕ್ಕೆ ಒಂದು ಹಿಡಿ ಬೂದಿ ಯಾವಾಗಲಾದರೊಮ್ಮೆ, ಜೊತೆಗೆ ನೆನೆಸಿದ ಕಡಲೆಕಾಯಿ ಹಿಂಡಿಯ ತಿಳಿ ಹಾಕಿದರೆ ಸಾಕು. ಇದಕ್ಕೆ ವಿಮಾನದಲ್ಲಿ ಬಾಟಲಿ ಹೊತ್ತುಕೊಂಡು ಬರಬೇಕೇ? ಟೊಮೇಟೊ ತಳ ಕಪ್ಪಾಗಿ ಗುಳಿ ಬೀಳುತ್ತದೆ ಅಂದಿರಲ್ಲ, ಅದಂತೂ ಗೊಬ್ಬರದ ಮಾತೇ ಅಲ್ಲ. ಒಂದು ದಿನ ಒಣಗಿಸಿ ಮರುದಿನ ಮುಳುಗಿಸಿದರೆ ಕಾಯಿಯ ತುದಿಗೆ ಕ್ಯಾಲ್ಸಿಯಂ ತಲುಪುವುದಿಲ್ಲ. ನೀರು ದಿನಾ ಒಂದೇ ಹದದಲ್ಲಿರಲಿ. ಆ ಕೆಲಸ ಅಣ್ಣನಿಗೆ ಕೊಡಬೇಡಿ.

ಇಲ್ಲಿಯ ಹಳಬರೂ ಬಾಟಲಿ ಕೊಳ್ಳುವುದು ಕಡಿಮೆ. ಕಾಂಫ್ರಿ ಅಂತ ಒಂದು ಗಿಡ, ಒರಟು ರೋಮದ ದೊಡ್ಡ ಎಲೆ, ಅದರ ತುಂಬ ಪೊಟ್ಯಾಷ್. ಎಲೆಯನ್ನು ಬಕೆಟ್ಟಿಗೆ ತುರುಕಿ ಮೇಲೆ ಕಲ್ಲು ಹೇರಿದರೆ ಕೆಲವು ವಾರಕ್ಕೆ ಕಪ್ಪು ರಸ ಇಳಿಯುತ್ತದೆ. ಒಂದಕ್ಕೆ ಹತ್ತು ಹದಿನೈದು ಪಾಲು ನೀರು ಬೆರೆಸಿ ಹಾಕುತ್ತಾರೆ. ನೀರಲ್ಲೇ ನೆನೆಹಾಕಿದರೆ ಮಾತ್ರ ಆ ವಾಸನೆ ದೇವರೇ ಗತಿ. ಬಾಕಿಂಗ್ 14 ಅನ್ನುವ ತಳಿ ಎಲ್ಲರ ಹತ್ತಿರ ಇದೆ. ಎಸೆಕ್ಸ್‌ನ ಬಾಕಿಂಗ್ ಎಂಬ ಊರಿನಲ್ಲಿ ಲಾರೆನ್ಸ್ ಹಿಲ್ಸ್ ಅನ್ನುವವರು 1950ರ ದಶಕದಲ್ಲಿ ಆರಿಸಿದ್ದು. ಬೀಜ ಕಟ್ಟುವುದಿಲ್ಲ, ಬೇರಿನ ತುಂಡು ನೆಡಬೇಕು. ಹಾಗಾಗಿ ಒಬ್ಬರಿಂದ ಒಬ್ಬರಿಗೆ ಕೈ ಬದಲಾಯಿಸುತ್ತಲೇ ಇರುತ್ತದೆ.

ಆದರೆ ಗಿಡ ಗುರುತಿಸುವ ವಿಷಯದಲ್ಲಿ ಇವರು ಬಹಳ ಕಟ್ಟುನಿಟ್ಟು, ಅದೂ ಕಾಂಫ್ರಿಯಿಂದಲೇ. ಫಾಕ್ಸ್‌ಗ್ಲೋವ್ ಅಂತ ಇನ್ನೊಂದು ಗಿಡ, ಮೊದಲ ವರ್ಷ ಹೂ ಬಿಡದೆ ಬರೀ ಎಲೆ ಹರಡಿಕೊಂಡು ಕೂರುತ್ತದೆ. ಆಗ ನೋಡಲು ಥೇಟ್ ಕಾಂಫ್ರಿ. ಅದರ ವಿಷ ನೇರ ಹೃದಯಕ್ಕೆ. ಕಾಂಫ್ರಿ ಎಲೆ ಎಂದುಕೊಂಡು ಇದರ ಕಷಾಯ ಕುಡಿದು ಆಸ್ಪತ್ರೆ ಸೇರಿದವರಿದ್ದಾರೆ. ಅಂಚು ಸವರಿ ನೋಡು ಅನ್ನುತ್ತಾರೆ: ಫಾಕ್ಸ್‌ಗ್ಲೋವ್ ಎಲೆಯ ಅಂಚಿಗೆ ಸಣ್ಣ ಹಲ್ಲುಗಳಿರುತ್ತವೆ, ಮೈ ಮೆತ್ತಗೆ. ಕಾಂಫ್ರಿಯ ಅಂಚು ನುಣುಪು, ಮೈ ಚುಚ್ಚುತ್ತದೆ. ವಿಚಿತ್ರವೆಂದರೆ ಆ ವಿಷವನ್ನೇ ಅಳತೆ ಹಿಡಿದು ಔಷಧ ಮಾಡಬಹುದೆಂದು 1785ರಲ್ಲಿ ಬರೆದ ವಿಲಿಯಂ ವಿದರಿಂಗ್ ಇದೇ ಊರಿನ ವೈದ್ಯರು. ಫೋನು ಹಿಡಿದರೆ ಹೆಸರು ಹೇಳುವ ಆಪ್‌ಗಳು ನನ್ನ ಹತ್ತಿರವೂ ಇವೆ. ಹೂವಿದ್ದರೆ ಪರವಾಗಿಲ್ಲ, ಬರೀ ಎಲೆ ತೋರಿಸಿದರೆ ಮೂರು ಹೆಸರು ಮುಂದಿಟ್ಟು ಆರಿಸಿಕೋ ಅನ್ನುತ್ತವೆ. ಬಾಯಿಗೆ ಹಾಕುವ ಗಿಡಕ್ಕೆ ನಾನು ಅವನ್ನು ನಂಬುವುದಿಲ್ಲ.

ಅಣ್ಣನಿಗೂ ಒಂದು ಮಾತಿದೆ, ತೋಟಕ್ಕೆ ಟ್ರ್ಯಾಕ್ಟರ್ ಲೋಡು ಗೊಬ್ಬರ ಕೊಳ್ಳುತ್ತಾನಲ್ಲ. 2008ರಲ್ಲಿ ಈ ದೇಶದ ತುಂಬ ಟೊಮೇಟೊ, ಆಲೂಗಡ್ಡೆ, ಬೀನ್ಸ್ ಎಲೆಗಳು ಜರೀಗಿಡದಂತೆ ಸುರುಟಿಕೊಂಡವು. ರೋಗವೋ, ಗೊಬ್ಬರ ಸಾಲದೋ ಅಂತ ಜನ ತಲೆ ಕೆಡಿಸಿಕೊಂಡರು. ಕಾರಣ ಗೊಬ್ಬರದಲ್ಲೇ ಇತ್ತು. ಹುಲ್ಲುಗಾವಲಿನ ಕಳೆಗೆ ಹೊಡೆಯುವ ಅಮೈನೋಪೈರಾಲಿಡ್ ಎಂಬ ಔಷಧ ಹುಲ್ಲಿನ ಜೊತೆ ದನ ಕುದುರೆಗಳ ಹೊಟ್ಟೆಗೆ ಹೋಗಿ, ಅಲ್ಲೂ ಕರಗದೆ ಲದ್ದಿಯಲ್ಲೇ ಹೊರಬರುತ್ತಿತ್ತು. ಆಗ ಅದರ ಮಾರಾಟವನ್ನು ಕೆಲಕಾಲ ನಿಲ್ಲಿಸಿದ್ದರು. ಈಗಲೂ ನಮ್ಮವರು ಹೊಸ ಗೊಬ್ಬರ ಬಂದರೆ ಮೊದಲು ಒಂದು ಕುಂಡಕ್ಕೆ ಬೆರೆಸಿ ಬೀನ್ಸ್ ಬೀಜ ಹಾಕಿ ನೋಡುತ್ತಾರೆ. ಎಲೆ ನೆಟ್ಟಗೆ ಬಂದರೆ ಮಾತ್ರ ಮಡಿಗೆ. ಖರ್ಚಿಲ್ಲದ ಪರೀಕ್ಷೆ, ಅಣ್ಣನೂ ಮಾಡಲಿ.

ಬದನೆ ಬೀಜ ಕಳಿಸುತ್ತೇನೆ ಅಂದಿರಲ್ಲ, ಬೇಡ. ಬೀಜ ಒಳಗೆ ತರಲು ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು, ಹಿಡಿದರೆ ಕಿತ್ತು ಬಿಸಾಡುತ್ತಾರೆ.

ದಂಟಿನ ಸೊಪ್ಪಿಗೆ ಮಾತ್ರ ಇಲ್ಲಿ ಬರವಿಲ್ಲ. ಅಜ್ಜ ತಮ್ಮ ಪ್ಲಾಟಿನಲ್ಲಿ ಕಲಲೂ ಅಂತ ಬೆಳೆಸುತ್ತಾರೆ, ನೋಡಿದರೆ ನಮ್ಮ ದಂಟಿನ ಜಾತಿಯದೇ. ಅವರು ಎಲೆ ಬಾಡಿಸಿ ತಿಂದು ದಪ್ಪ ಕಾಂಡವನ್ನೆಲ್ಲ ಗೊಬ್ಬರದ ಗುಂಡಿಗೆ ಎಸೆಯುತ್ತಿದ್ದರು. ಅದರ ಹುಳಿ ಮಾಡಿ ಕೊಡುತ್ತೇನೆ ಅಂತ ದೊಡ್ಡದಾಗಿ ಹೇಳಿಬಿಟ್ಟಿದ್ದೇನೆ. ಅಮ್ಮ ರುಬ್ಬಿ ಹಾಕುವ ಮಸಾಲೆಯ ಅಳತೆ ಕೇಳಿ ಬರೆಯಿರಿ. "ಒಂದು ಅಂದಾಜಿಗೆ" ಅಂದರೆ ಬಿಡಬೇಡಿ, ಚಮಚದ ಲೆಕ್ಕದಲ್ಲೇ ಬೇಕು.

ನಿಮ್ಮ ನಾದಿನಿ