ಅಳಿಸಿದ ಜಾಗದಲ್ಲಿ ಏನಿತ್ತು?

ಪ್ರೀತಿಯ ತಮ್ಮಾ,

ನಿನ್ನ ಹಸ್ತಪ್ರತಿ ಬಂದು ಹದಿನೈದು ದಿನ ಆಯಿತು. ಪತ್ರವನ್ನು ಎರಡು ಸಲ ಓದಿದೆ, ಕತೆಗಳನ್ನು ಮೂರು ಸಲ. ಪ್ರಕಾಶಕರು ಎರಡೇ ಸಾಲು ಗೀಚಿ ವಾಪಸ್ ಕಳಿಸಿದರು, ಇನ್ನು ಬರೆಯುವುದೇ ಬೇಡ ಅನ್ನಿಸುತ್ತಿದೆ ಎಂದಿದ್ದೀಯ. ಓದಿ ಕರುಳು ಚುರುಕ್ಕೆಂದಿತು. ಆದರೆ ಯಾವ ಫಾಂಟು, ಎಷ್ಟು ಪುಟ, ಮುಂದೆ ಯಾರಿಗೆ ಕಳಿಸಲಿ ಎಂದೆಲ್ಲ ಕೇಳಿದ್ದೀಯಲ್ಲ, ಅದನ್ನು ಯಾರು ಬೇಕಾದರೂ ಹೇಳುತ್ತಾರೆ. ನನಗೆ ಮಾತಾಡಬೇಕಿರುವುದು ನಿನ್ನ ಏಳನೇ ಕತೆಯ ಒಂದು ಪದದ ಬಗ್ಗೆ.

'ನನ್ನ ನೆನಪು ಒಂದು ಪ್ಯಾಲಿಂಪ್ಸೆಸ್ಟ್' ಎಂದು ಕತೆ ಶುರು ಮಾಡಿದ್ದೀಯ. ಪದ ಚೆನ್ನಾಗಿದೆ, ನನಗೂ ಇಷ್ಟ. ಇಂಗ್ಲಿಷ್ ಲೇಖಕ ಥಾಮಸ್ ಡಿ ಕ್ವಿನ್ಸಿ 1845ರಲ್ಲೇ ಮನುಷ್ಯನ ಮಿದುಳನ್ನು ಇದಕ್ಕೆ ಹೋಲಿಸಿದ್ದ, ಹಾಗಾಗಿ ಹೋಲಿಕೆ ಹೊಸದಲ್ಲ. ಇರಲಿ ಬಿಡು, ಹಳೆಯ ಹೋಲಿಕೆಯೂ ಒಮ್ಮೊಮ್ಮೆ ಕೆಲಸಕ್ಕೆ ಬರುತ್ತದೆ. ಆದರೆ ನೀನು ಪದವನ್ನು ಅರ್ಧ ತಿಳಿದು ಬಳಸಿದ್ದೀಯ. ನನಗೆ ಸಿಟ್ಟು ಬಂದದ್ದು ಅದಕ್ಕೆ.

ನಿಘಂಟು ಏನು ಹೇಳುತ್ತದೆ? ಮೊದಲಿನ ಬರಹ ಅಳಿಸಿ, ಅದರ ಮೇಲೆ ಇನ್ನೊಂದು ಬರೆದ ಹಾಳೆ. ಸರಿ. ಈಗ ಪದವನ್ನೇ ಬಿಡಿಸಿ ನೋಡು. ಲ್ಯಾಟಿನ್ ಮೂಲಕ ಇಂಗ್ಲಿಷಿಗೆ ಬಂದ ಗ್ರೀಕ್ ಪದ ಇದು. ಪ್ಯಾಲಿನ್ ಎಂದರೆ ಮತ್ತೆ. ಹಿಂದುಮುಂದಾಗಿ ಓದಿದರೂ ಒಂದೇ ಆಗಿರುವ ಪ್ಯಾಲಿಂಡ್ರೋಮ್ ಇದೆಯಲ್ಲ, ಅದೂ ಇದೇ ಬಳಗದ್ದು. ಪ್ಸೆಸ್ಟೋಸ್ ಎಂದರೆ ಕೆರೆದದ್ದು, ಉಜ್ಜಿದ್ದು. ಎರಡೂ ಸೇರಿದರೆ 'ಮತ್ತೆ ಕೆರೆದದ್ದು'. ಬರೆಯುವುದರ ಸುದ್ದಿಯೇ ಈ ಪದದಲ್ಲಿ ಇಲ್ಲ, ಗಮನಿಸಿದೆಯಾ? ಬರೀ ಕೆರೆಯುವುದು.

ಕ್ರಿ.ಪೂ. 53ರಲ್ಲಿ ರೋಮಿನ ವಾಗ್ಮಿ, ಲೇಖಕ ಸಿಸೆರೊ ತನ್ನ ಗೆಳೆಯ ಟ್ರೆಬೇಟಿಯಸ್‌ಗೆ ಒಂದು ಕಾಗದ ಬರೆದ. ಆ ಗೆಳೆಯ ವಕೀಲ, ಆಗ ಸೀಸರನ ಜೊತೆ ಗಾಲ್ ದೇಶದಲ್ಲಿದ್ದ, ಅಂದರೆ ಇಂದಿನ ಫ್ರಾನ್ಸ್ ಕಡೆ. ಅವನು ಹಳೆಯ ಬರಹ ಅಳಿಸಿದ ಹಾಳೆಯ ಮೇಲೆಯೇ ಸಿಸೆರೊಗೆ ಪತ್ರ ಬರೆದಿದ್ದನಂತೆ. ಸಿಸೆರೊ ಇದೇ ಪದ ಬಳಸಿ ಹೇಳುತ್ತಾನೆ: ನಿನ್ನ ಮಿತವ್ಯಯ ಮೆಚ್ಚಿದೆ, ಆದರೆ ಇದನ್ನು ಬರೆಯಲು ನೀನು ಅಳಿಸಿ ಹಾಕಿದ್ದಾದರೂ ಏನು? ನನ್ನ ಪತ್ರಗಳನ್ನೇ ಅಳಿಸಿ ನಿನ್ನದನ್ನು ಬರೆಯುತ್ತಿಲ್ಲ ತಾನೇ?

ಎರಡು ಸಾವಿರ ವರ್ಷ ದಾಟಿದ ಈ ಪ್ರಶ್ನೆಯನ್ನು ನಾನು ನನ್ನ ಮೇಜಿನ ಎದುರು ಅಂಟಿಸಿಕೊಂಡಿದ್ದೇನೆ.

ಮುಂದೆ ಆದದ್ದು ಕೇಳು. ಸಿಸೆರೊನ ರಾಜ್ಯನೀತಿಯ ಗ್ರಂಥದ ಬಹುಭಾಗ ಕಳೆದೇಹೋಗಿತ್ತು. 1819ರಲ್ಲಿ ವ್ಯಾಟಿಕನ್ ಗ್ರಂಥಾಲಯದಲ್ಲಿ ಆಂಜೆಲೊ ಮಾಯಿ ಎಂಬ ವಿದ್ವಾಂಸ ಅದರ ದೊಡ್ಡ ತುಣುಕೊಂದನ್ನು ಕಂಡ. ಎಲ್ಲಿ ಗೊತ್ತಾ? ಬೈಬಲಿನ ಕೀರ್ತನೆಗಳಿಗೆ ಸಂತ ಆಗಸ್ಟೀನರು ಬರೆದ ವ್ಯಾಖ್ಯಾನದ ಅಕ್ಷರಗಳ ಕೆಳಗೆ. ಯಾರೋ ಸಿಸೆರೊನನ್ನೇ ಅಳಿಸಿದ್ದರು.

ಗ್ರೀಕ್ ಗಣಿತಜ್ಞ ಆರ್ಕಿಮಿಡಿಸನ ಕತೆಯೂ ಹಾಗೆಯೇ. ಹತ್ತನೇ ಶತಮಾನದಲ್ಲಿ ಚರ್ಮದ ಹಾಳೆಗಳ ಮೇಲೆ ನಕಲು ಮಾಡಿದ್ದ ಅವನ ಪುಸ್ತಕವನ್ನು 1229ರ ಹೊತ್ತಿಗೆ ಕೆರೆದು, ಹಾಳೆಗಳನ್ನು ಅಡ್ಡ ತಿರುಗಿಸಿ, ಮಡಚಿ, ಪ್ರಾರ್ಥನೆ ಪುಸ್ತಕ ಮಾಡಿದರು. ಅದರ ಒಂದು ಪುಟದ ಚಿತ್ರವನ್ನು ನಾನು ಬಹಳ ಹೊತ್ತು ನೋಡಿದ್ದೇನೆ. ಪ್ರಾರ್ಥನೆಯ ಸಾಲುಗಳು ಕಪ್ಪಗೆ, ಖಚಿತವಾಗಿ ಅಡ್ಡಕ್ಕೆ ಹೋಗುತ್ತವೆ. ಅವುಗಳ ಹಿಂದೆ ಮೇಲಿನಿಂದ ಕೆಳಕ್ಕೆ, ಚಹಾದ ಕಲೆಯಂಥ ಬಣ್ಣದಲ್ಲಿ ಗಣಿತ ನಿಂತಿದೆ. 1906ರಲ್ಲಿ ಹೈಬರ್ಗ್ ಎಂಬ ವಿದ್ವಾಂಸ ಅದನ್ನು ಗುರುತಿಸಿದ. ಆಮೇಲೆ ಯಾರೋ ಕೆಲವು ಪುಟಗಳ ಮೇಲೆ ಚಿನ್ನದ ಹಾಳೆ ಬಳಸಿ ಹಳೆಯ ಕಾಲದವು ಅನ್ನಿಸುವ ಚಿತ್ರಗಳನ್ನು ಬರೆದುಬಿಟ್ಟರು. ಅಲ್ಲಿ ಬರಿಗಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಕೊನೆಗೆ ಕ್ಯಾಲಿಫೋರ್ನಿಯಾದಲ್ಲಿ ಎಕ್ಸ್-ರೇ ಹಾಯಿಸಿದಾಗ ಹಳೆಯ ಶಾಯಿಯಲ್ಲಿದ್ದ ಕಬ್ಬಿಣ ಅಕ್ಷರಗಳನ್ನು ತೋರಿಸಿಕೊಟ್ಟಿತು.

ಈಗ ನಿನ್ನ ಕತೆಗೆ ಬರುತ್ತೇನೆ. ಏಳನೇ ಕತೆಯ ಎರಡನೇ ಪುಟದಲ್ಲಿ ಒಂದು ಸಾಲಿನ ಮೇಲೆ ಬಾಲ್‌ಪೆನ್ನಿನಿಂದ ಗಟ್ಟಿಯಾಗಿ ಗೀಚಿದ್ದೀಯ. ಮೇಲೆ ಪುಟ್ಟ ಅಕ್ಷರದಲ್ಲಿ 'ದುಃಖದ ಮಹಾಸಾಗರ ನನ್ನನ್ನು ನುಂಗಿತು' ಎಂದು ಸೇರಿಸಿದ್ದೀಯ. ನಾನು ಹಾಳೆ ತಿರುಗಿಸಿದೆ. ಪೆನ್ನು ಒತ್ತಿದ ಗುರುತು ಹಿಂಬದಿಗೆ ಉಬ್ಬಿಕೊಂಡಿತ್ತು. ದೀಪಕ್ಕೆ ಹಿಡಿದು, ಬೆರಳಾಡಿಸಿ ಓದಿದೆ. 'ಅಪ್ಪ ಸತ್ತ ದಿನ ನನಗೆ ಜಾಸ್ತಿ ಹಸಿವಾಗಿತ್ತು.'

ಹುಡುಗಾ, ಇದನ್ನು ಯಾಕೆ ಅಳಿಸಿದೆ? ಯಾರು ಏನಂದುಕೊಳ್ಳುತ್ತಾರೋ ಅಂತಲಾ? ಇಡೀ ಹಸ್ತಪ್ರತಿಯಲ್ಲಿ ನನ್ನ ಕೈ ಹಿಡಿದು ನಿಲ್ಲಿಸಿದ ಸಾಲು ಅದೊಂದೇ. ಮಹಾಸಾಗರ ಎಲ್ಲರ ಹತ್ತಿರವೂ ಇದೆ. ಆ ಹಸಿವು ನಿನ್ನದು.

ಇಷ್ಟು ಸಿಡುಕಲು ನನಗೊಂದು ಕಾರಣ ಇದೆ. ನನ್ನ ಮೊದಲ ಕತೆಯಲ್ಲಿ ಅಣ್ಣನ ಬಗ್ಗೆ ಒಂದು ಪುಟ ಇತ್ತು. ಅವನು ನನ್ನನ್ನು ಹೊಡೆದದ್ದು, ಹೊಡೆದ ಮೇಲೆ ನನಗಿಂತ ಜೋರಾಗಿ ಅತ್ತದ್ದು. ಆಗ ನಾನು ತುಂಬಾ ಗೌರವಿಸುತ್ತಿದ್ದ ಒಬ್ಬ ಹಿರಿಯರು ಅದನ್ನು ಓದಿ, ಇದು ಒರಟು, ಓದುಗರಿಗೆ ಮುಜುಗರ ಎಂದರು. ಕಿತ್ತು ಹಾಕಿದೆ. ಆ ಜಾಗದಲ್ಲಿ ಮಳೆಯ ವರ್ಣನೆ ಬರೆದೆ. ಮಳೆಯನ್ನು ಎಲ್ಲರೂ ಹೊಗಳಿದರು. ಹೊಗಳಿಕೆ ಕೇಳುತ್ತಾ ಇನ್ನೂ ಹತ್ತು ವರ್ಷ ಮಳೆಯನ್ನೇ ಬರೆದೆ. ಅಣ್ಣ ಹೋದ ಮೇಲೆ ಆ ಪುಟ ಹುಡುಕಿದೆ. ಹಳೆಯ ನೋಟ್‌ಬುಕ್ಕೇ ಇರಲಿಲ್ಲ. ಮತ್ತೆ ಬರೆಯಲು ಕೂತೆ, ಎಷ್ಟೋ ಸಲ. ಅವನು ಅತ್ತ ದನಿ ಬರಲೇ ಇಲ್ಲ. ಆ ಹಿರಿಯರ ಮೇಲಿನ ಕೋಪ ಇವತ್ತಿಗೂ ಹೋಗಿಲ್ಲ, ನನ್ನ ಮೇಲಿನದು ಅದಕ್ಕಿಂತ ಜಾಸ್ತಿ.

ಕೆರೆಯಲೇಬಾರದು ಎನ್ನುತ್ತಿಲ್ಲ. ನಿನ್ನ ಮೂರನೇ ಕತೆಯಲ್ಲಿ ಅರ್ಧದಷ್ಟು ಹೋಗಬೇಕು, ಐದನೆಯದು ಪೂರ್ತಿ. ಆದರೆ ಪೆನ್ನು ಅಡ್ಡ ಎಳೆಯುವ ಮೊದಲು ಒಂದು ನಿಮಿಷ ಸುಮ್ನೆ ಕೂತು, ಸಿಸೆರೊ ಗೆಳೆಯನನ್ನು ಕೇಳಿದ್ದನ್ನು ನಿನ್ನನ್ನೇ ಕೇಳಿಕೋ.

ಆ ಪುಟವನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ಹಿಂಬದಿಯಲ್ಲಿ ಬೆರಳಾಡಿಸಿ ನೋಡು. ಪ್ಯಾಲಿಂಪ್ಸೆಸ್ಟ್ ತೆಗೆದುಬಿಡು, ಕತೆಯನ್ನು ಹಸಿವಿನ ಸಾಲಿನಿಂದ ಶುರು ಮಾಡಿ ಮತ್ತೆ ಬರೆ. ಮುಂದಿನ ತಿಂಗಳ ಕೊನೆಗೆ ನನ್ನ ಕಣ್ಣಿನ ಆಪರೇಷನ್ ಇದೆ. ಅದಕ್ಕೆ ಮೊದಲು ಕಳಿಸಿದರೆ ನಾನೇ ಓದಬಹುದು. ತಡವಾದರೆ ಮೊಮ್ಮಗಳು ಓದಿ ಹೇಳುತ್ತಾಳೆ.

ನಿನ್ನ
ಅಕ್ಕ